ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂರುವ ಕ್ರಮ

ಮಂಗಳೂರು, ಮಣಿಪಾಲದ ವಾರ್ಡುಗಳಲ್ಲಿ ಒಬ್ಬರ ತಲೆದಿಂಬಿನಡಿ ಕಟೀಲಿನ ಪ್ರಸಾದ, ಪಕ್ಕದವರ ಕೈಯಲ್ಲಿ ಜಪಸರ, ಆಚೆ ಹಾಸಿಗೆಯಲ್ಲಿ ತಸ್ಬೀಹ್ (ಮುಸ್ಲಿಮರ ಜಪಮಣಿ) ಇರುತ್ತದೆ. ಮನಸ್ಸಿಗೆ ಆಸರೆಯಾಗಲು ಹೋಗುವವರು ಯಾವ ಮತದವರೇ ಆಗಲಿ, ಅಲ್ಲಿ ನಡೆಯಬೇಕಾದ್ದು ರೋಗಿಯ ನಂಬಿಕೆ, ನಮ್ಮದಲ್ಲ.

ಮೊದಲು ನರ್ಸ್ ಹತ್ತಿರ ಹೋಗಿ. ಈಗ ಮಾತನಾಡಿಸಬಹುದೇ, ಬಾಯಿಗೆ ಏನಾದರೂ ಕೊಡಬಹುದೇ, ಮಾಸ್ಕ್ ಬೇಕೇ ಎಂದು ಕೇಳಿಕೊಳ್ಳಿ. ಡಾಕ್ಟರ ರೌಂಡ್ಸ್ ಹೊತ್ತು ಬೇಡ. ಸ್ಯಾನಿಟೈಸರ್ ಹಾಕಿ 20 ಸೆಕೆಂಡಾದರೂ ಕೈ ಉಜ್ಜಿ, ಹೊರಬರುವಾಗಲೂ ಅಷ್ಟೇ. ಹಾಸಿಗೆಯ ಮೇಲೆ ಕೂರಬೇಡಿ. ಸ್ಟೂಲ್ ಎಳೆದು, ಮುಖಕ್ಕೆ ಮುಖ ಸಮನಾಗುವಂತೆ ಕೂತು, "ಅಜ್ಜ, ಐದು ನಿಮಿಷ ಕೂತುಕೊಳ್ಳಬಹುದಾ?" ಎನ್ನಿ. ತುಳುವರಾದರೆ "ಎಂಚ ಉಲ್ಲರ್?" ಎಂದರೆ ಅರ್ಧ ಬಿಗುವು ಅಲ್ಲೇ ಸಡಿಲುತ್ತದೆ. ಬೇಡ ಅಂದರೆ ಎದ್ದು ಬನ್ನಿ. ಸೂಜಿಗೂ ಡ್ರೆಸ್ಸಿಂಗಿಗೂ ಬೇಡವೆನ್ನಲಾಗದ ಆ ಜೀವಕ್ಕೆ ನಿಮಗಾದರೂ ಬೇಡವೆನ್ನುವ ಹಕ್ಕಿರಲಿ.

ಹತ್ತು ನಿಮಿಷ ಸಾಕು. ಅದರಲ್ಲಿ ಎಂಟು ನಿಮಿಷ ಅವರದೇ ಮಾತಾಗಲಿ. "ಎಲ್ಲ ಸರಿಹೋಗುತ್ತದೆ" ಎಂದ ಕೂಡಲೇ ಅವರು ಬಾಯಿ ಮುಚ್ಚುತ್ತಾರೆ, ಭಯ ಒಳಗೇ ಉಳಿಯುತ್ತದೆ. "ರಾತ್ರಿ ನಿದ್ದೆ ಬಾರದಾಗ ಏನು ನೆನಪಾಗುತ್ತದೆ?" ಎಂದು ಕೇಳಿ, ಸುಮ್ಮನಿರಿ.

ನಮ್ಮ ಕಡೆ ಹೆಚ್ಚಾಗಿ ಬರುವ ಉತ್ತರ ಹರಕೆಯದು. "ದೈವಕ್ಕೆ ಹೇಳಿಕೊಂಡದ್ದು ಬಾಕಿ ಇದೆ, ಅದಕ್ಕೇ ಹೀಗಾಯಿತು." ಇಲ್ಲಿ ಎರಡು ತಪ್ಪು ನಡೆಯುತ್ತವೆ. "ಅದೆಲ್ಲ ಮೂಢನಂಬಿಕೆ" ಎಂದರೆ ಅವರ ದುಃಖವನ್ನೇ ತಳ್ಳಿದಂತೆ. "ಹೌದು, ಬೇಗ ತೀರಿಸಿ" ಎಂದರೆ ಕಾಯಿಲೆಗೆ ಅವರೇ ಕಾರಣ ಎಂದು ಮುದ್ರೆ ಒತ್ತಿದಂತೆ. ಏನು ಹರಕೆ, ಎಲ್ಲಿಗೆ, ಮನೆಯಲ್ಲಿ ಯಾರಿಗೆ ಗೊತ್ತು ಎಂದು ಕೇಳಿ. ರೋಗಿ ಒಪ್ಪಿದರೆ ಮನೆಯವರನ್ನು ಕರೆಸಿ. ಒಂದು ನಾಣ್ಯವನ್ನು ರೋಗಿಯ ಕೈಗಿಟ್ಟು, ಅವರು ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆ ಹಳದಿ ಬಟ್ಟೆಯಲ್ಲಿ ಗಂಟು ಹಾಕಿ ಮುಡಿಪಾಗಿ ಮನೆಗೆ ಕಳಿಸಲಿ. ಹರಕೆ ತೀರಲು ವರ್ಷವಾದರೂ ಆಗಲಿ, ನೆನಪಿಡುವ ಭಾರ ಇನ್ನು ರೋಗಿಯ ಮೇಲಿಲ್ಲ. ಗಂಟು ಬಿಗಿಯುವುದು ಅವರ ಕಣ್ಣೆದುರೇ ಆಗಬೇಕು. ಆಮೇಲೆ ಮಾಡುತ್ತೇವೆ ಎಂಬ ಮಾತಿಗೆ ಆ ಬಲವಿಲ್ಲ.

ತೀರ್ಥದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಎಚ್ಚರವಿಲ್ಲದವರಿಗೆ, ನುಂಗಲಾಗದವರಿಗೆ ಒಂದು ಉದ್ಧರಣೆ ನೀರು ಕೊಟ್ಟರೂ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಆಪರೇಷನ್‌ಗೆ ಮುಂಚೆ ಬಾಯಿಗೆ ಏನೂ ಕೊಡಬಾರದೆಂದಿದ್ದರೆ ಪ್ರಸಾದವೂ ಇಲ್ಲ. ನರ್ಸ್ ಒಪ್ಪಿದರೆ ಹತ್ತಿಯನ್ನು ಅದ್ದಿ, ಹಿಂಡಿ, ತುಟಿಗೆ ಮುಟ್ಟಿಸಿ. ಇಲ್ಲವಾದರೆ ಹಣೆಗೆ ಹಚ್ಚಿದರೂ ಆದೀತು. ಆಕ್ಸಿಜನ್ ಹತ್ತಿರ ದೀಪ, ಊದುಬತ್ತಿ ಬೇಡವೇ ಬೇಡ. ಕ್ಯಾನುಲಾ (ಡ್ರಿಪ್ ಕೊಡುವ ಕೊಳವೆ) ಇರುವ ಕೈಗೆ ನೂಲು ಕಟ್ಟಬೇಡಿ, ಕೈ ಊದಿದರೆ ಅದು ಮಾಂಸಕ್ಕೆ ಕಚ್ಚುತ್ತದೆ. ಎಂಆರ್‌ಐಗೆ ಮುಂಚೆ ಲೋಹದ ತಾಯಿತ ತೆಗೆಯಲೇಬೇಕು. ಡ್ರಾಯರಿಗೆ ಎಸೆಯದೆ ಮನೆಯವರ ಕೈಗೇ ಕೊಡಿ.

ಕೆಥೋಲಿಕರಲ್ಲಿ ರೋಗಿಗಳ ಅಭ್ಯಂಗ, ಅಂದರೆ ಪ್ರಾರ್ಥಿಸಿ ಪವಿತ್ರ ಎಣ್ಣೆ ಹಚ್ಚುವ ಸಂಸ್ಕಾರ, ಕೊಡುವುದು ಚರ್ಚಿನ ಗುರುಗಳು ಮಾತ್ರ. ಅದು ಸಾಯುವವರಿಗಷ್ಟೇ ಎಂಬ ಹೆದರಿಕೆ ಇಂದಿಗೂ ಇದೆ. 1972ರಲ್ಲಿ ಪರಿಷ್ಕರಿಸಿದ ವಿಧಿಯಂತೆ ಗಂಭೀರ ಕಾಯಿಲೆಯ ಯಾರಾದರೂ ಪಡೆಯಬಹುದು, ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆಯೂ. ಗುರುಗಳ ಮುಂದೆ ಪಾಪನಿವೇದನೆ ಮಾಡಿಕೊಳ್ಳಲು ಮಾತು ಬೇಕಲ್ಲವೇ? ಹಾಗಾಗಿ ವೆಂಟಿಲೇಟರ್ ಹಾಕುವ ಮುಂಚೆಯೇ ಅವರಿಗೆ ಫೋನ್ ಮಾಡಿ.

ಮುಸ್ಲಿಂ ರೋಗಿ ಕಿಬ್ಲಾ (ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು) ಕೇಳಿದರೆ, ನಮ್ಮ ಕರಾವಳಿಯಲ್ಲಿ ಅದು ಕಡಲಿನ ದಿಕ್ಕು, ತುಸು ಬಡಗಣಕ್ಕೆ. ಮಂಚ ತಿರುಗಿಸಲಾಗದಿದ್ದರೆ ಇದ್ದಂತೆಯೇ, ಸನ್ನೆಯಲ್ಲೇ ನಮಾಜು ಮಾಡಬಹುದು. ನೀರು ಮುಟ್ಟಬಾರದವರಿಗೆ ತಯಮ್ಮುಮ್, ಅಂದರೆ ನೀರಿನ ಬದಲು ಶುದ್ಧ ಮಣ್ಣು ಮುಟ್ಟಿ ಶುದ್ಧಿಯಾಗುವ ಕ್ರಮ, ಇದೆ. ಜೈನರಲ್ಲಿ ಅನೇಕರು ಸೂರ್ಯಾಸ್ತದ ಬಳಿಕ ಉಣ್ಣುವುದಿಲ್ಲ. ಊಟದ, ಮಾತ್ರೆಯ ಹೊತ್ತನ್ನು ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಳ್ಳಲಿ.

ಕೇಳಿದ್ದನ್ನು ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ ಆಡಬೇಡಿ, ರೋಗಿಯ ಜೊತೆಗಿರುವ ಬೈಸ್ಟ್ಯಾಂಡರ್ ಕೇಳಿದರೂ ಹೇಳಬೇಡಿ. ಆದರೆ "ಜೀವ ತೆಗೆದುಕೊಳ್ಳುತ್ತೇನೆ" ಎಂಬ ಮಾತು ಬಂದರೆ ಗುಟ್ಟು ಕಾಯುವಂತಿಲ್ಲ. ರೋಗಿಗೂ ಹಾಗೆಂದು ತಿಳಿಸಿ, ಅವರನ್ನು ಒಬ್ಬರೇ ಬಿಡದೆ, ಬೆಲ್ ಒತ್ತಿ ನರ್ಸ್‌ರನ್ನು ಅಲ್ಲಿಗೇ ಕರೆಯಿರಿ.