ಕಸಿಗೆ ಮೊದಲು ಜಾಗ ಹದವಾಗಬೇಕು

ಕ್ಯಾನ್ಸರಿನ ಕೀಮೋ ಅಂಡಾಶಯವನ್ನು ಹಾಳುಮಾಡಬಹುದು. ಹಾಗಾಗಿ ಅದಕ್ಕೆ ಮೊದಲೇ ಒಂದು ತುಂಡು ತೆಗೆದು ಫ್ರೀಜ್ ಮಾಡಿಡುತ್ತೇವೆ, ಮುಂದೆ ಮತ್ತೆ ಕಸಿ ಮಾಡಲಿಕ್ಕೆ. ಆಪರೇಷನ್ ಥಿಯೇಟರಿನಿಂದ ಆ ತುಂಡು ಮಣಿಪಾಲದ ನಮ್ಮ ಲ್ಯಾಬಿಗೆ ಬಂದ ಕೂಡಲೇ ಕೆಲಸ ಶುರು. ಒಳಭಾಗ ಕೆಂಪಗೆ, ಮೆತ್ತಗೆ ಇರುತ್ತದೆ. ಹೊರಪದರ ಬಿಳಿ, ಗಟ್ಟಿ. ತಣ್ಣಗಿನ ತಟ್ಟೆಯಲ್ಲಿಟ್ಟು ಮೆತ್ತನೆಯ ಭಾಗವನ್ನು ಸ್ಕಾಲ್ಪೆಲ್‌ನಿಂದ ಕೆರೆಯುತ್ತಾ ಹೋಗುತ್ತೇನೆ, ಸುಮಾರು 1 ಮಿಲಿಮೀಟರ್ ದಪ್ಪದ ಹೊರಪದರ ಉಳಿಯುವವರೆಗೆ. ಅಂಡಾಣು ಇರುವ ಪುಟ್ಟ ಚೀಲಗಳಾದ ಎಳೆಯ ಫಾಲಿಕಲ್‌ಗಳು ಇರುವುದು ಅದರಲ್ಲೇ. ಆಮೇಲೆ ನಿಧಾನವಾಗಿ ತಣಿಸಿ, −196 ಡಿಗ್ರಿಯ ದ್ರವ ನೈಟ್ರೋಜನ್‌ಗೆ.

ಫ್ರೀಜ್ ಮಾಡಿದ್ದನ್ನು ಮತ್ತೆ ಕಸಿ ಮಾಡಿ ಮಗು ಹುಟ್ಟಿದ ಮೊದಲ ವರದಿ ಬಂದದ್ದು 2004ರಲ್ಲಿ, ಬೆಲ್ಜಿಯಂನಿಂದ. ಕಷ್ಟ ಇರುವುದು ಕಸಿಯ ನಂತರದ ಮೊದಲ ದಿನಗಳಲ್ಲಿ. ಈ ತೆಳು ಪಟ್ಟಿಗೆ ರಕ್ತನಾಳ ಹೊಲಿದು ಕೊಡಲು ಆಗುವುದಿಲ್ಲ. ಹೊಸ ನಾಳ ಬೆಳೆದು ಬರುವಷ್ಟರಲ್ಲಿ ಆಮ್ಲಜನಕ ಸಿಗದೆ ಅರ್ಧಕ್ಕಿಂತ ಹೆಚ್ಚು ಫಾಲಿಕಲ್‌ಗಳು ಹೋಗಿಬಿಡಬಹುದು. ಇಷ್ಟು ಜೋಪಾನ ಮಾಡಿದ್ದು ಹಾಗೆ ಹಾಳಾಗುವುದನ್ನು ನನಗೆ ಸಹಿಸಲಿಕ್ಕೆ ಆಗುವುದಿಲ್ಲ. ಹಾಗಾಗಿಯೇ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಕೆಲಸಕ್ಕೆ ಕೈಹಾಕಿದೆ.

ನೇಜಿ ನೆಡುವ ಮೊದಲು ಗದ್ದೆ ಹದ ಮಾಡುತ್ತಾರಲ್ಲ, ಬೆಲ್ಜಿಯಂ ತಂಡ ಇಲಿಗಳಲ್ಲಿ ಮಾಡಿದ್ದೂ ಅದನ್ನೇ. ಕೊಬ್ಬಿನಿಂದ ತೆಗೆದ ಸ್ಟೆಮ್ ಸೆಲ್‌ಗಳನ್ನು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಆದ ಫೈಬ್ರಿನ್‌ನಲ್ಲಿ ಸೇರಿಸಿ ಕಸಿಯ ಜಾಗದಲ್ಲಿ ಮೊದಲೇ ಇಟ್ಟು, 14 ದಿನ ಬಿಟ್ಟು ಅಂಗಾಂಶ ಕಸಿ ಮಾಡಿದರು. ನಾವೂ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು ಇಲಿಗಳಲ್ಲೇ ಅದೇ ದಾರಿ ಹಿಡಿದೆವು.

ಕೊಬ್ಬನ್ನು ರಕ್ತ ಹೋಗುವವರೆಗೆ ತೊಳೆದು, ಅಂಗಾಂಶ ಬಿಡಿಸುವ ಕೊಲಾಜಿನೇಸ್ ಎಂಬ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಡುತ್ತೇವೆ. ಸೆಂಟ್ರಿಫ್ಯೂಜ್ ಮಾಡಿದರೆ ಎಣ್ಣೆ ಮೇಲೆ ನಿಲ್ಲುತ್ತದೆ, ಕೆಂಪು ಛಾಯೆಯ ಚಿಕ್ಕ ಗಸಿ ತಳಕ್ಕೆ ಇಳಿಯುತ್ತದೆ. ನಮಗೆ ಬೇಕಾದದ್ದು ಆ ಗಸಿ. ಫ್ಲಾಸ್ಕ್‌ನ ತಳಕ್ಕೆ ಅಂಟಿಕೊಂಡು ಬೆಳೆದ ಕೋಶಗಳನ್ನು ಫೈಬ್ರಿನೋಜೆನ್ ಜೊತೆ ಬೆರೆಸಿ ಥ್ರಾಂಬಿನ್ ಹಾಕಿದರೆ ಅದು ಫೈಬ್ರಿನ್ ಆಗಿ ಹೆಪ್ಪುಗಟ್ಟುತ್ತದೆ. ಇಲ್ಲಿ ಕೈ ತಡವಾದರೆ ಪಿಪೆಟ್ಟಿನೊಳಗೇ ಗಟ್ಟಿಯಾಗುತ್ತದೆ. ಆ ಹೆಪ್ಪನ್ನು ಇಲಿಯ ಹೊಟ್ಟೆಯೊಳಗೆ ಇಟ್ಟೆವು. ಆಮೇಲೆ ಹೊಟ್ಟೆ ತೆರೆದಾಗ ಹೆಪ್ಪಿನ ಸುತ್ತ ಕೂದಲೆಳೆಯಂಥ ನಾಳಗಳು ಕಂಡವು. ಅಂದು ಇಡೀ ಲ್ಯಾಬಿಗೆ ಖುಷಿ. ಆ ಕೋಶಗಳು ಸುರಿಸುವ, ನಾಳ ಬೆಳೆಸುವ ಪ್ರೋಟೀನ್ ಆದ ವಿಇಜಿಎಫ್‌ನಂಥ ಅಂಶಗಳೇ ನಾಳಗಳನ್ನು ಕರೆದು ತರುತ್ತವೆ.

ಕಾರ್ಕಳ ಕಡೆಯ ತಾಯಿಯೊಬ್ಬರು, ಮಗಳಿಗೆ ಕೀಮೋ ಶುರುವಾಗುವ ಮುಂಚೆ ಕೇಳಿದರು: "ಮೇಡಂ, ಆ ಸ್ಟೆಮ್ ಸೆಲ್ ನಮ್ಮ ಹುಡುಗಿಗೆ ಹಾಕ್ಲಿಕ್ಕೆ ಆಗ್ತದಾ?" "ಈಗ ಆಗುದಿಲ್ಲ ಅಮ್ಮ, ಈಗ ಫ್ರೀಜ್ ಮಾಡಿ ಇಡುವ" ಎಂದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಇಂಥ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಸಾಧ್ಯ, ಅದು ಸರಿಯೂ ಹೌದು. ನಾಳ ಬೆಳೆಸುವ ಸಂಕೇತ ಉಳಿದ ಕ್ಯಾನ್ಸರ್ ಕೋಶಕ್ಕೂ ಆಹಾರವಾಗಬಹುದು. ರಕ್ತದ ಕ್ಯಾನ್ಸರ್‌ನಲ್ಲಂತೂ ಅಂಗಾಂಶದೊಳಗೇ ಅಂಥ ಕೋಶ ಅಡಗಿರುವ ಭಯ ಇದೆ. ಹಣ ಪಡೆದು ಇದನ್ನು ಈಗಲೇ ಮಾಡಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಋತುಮತಿಯಾಗದ ಹುಡುಗಿಯರಿಗೆ ಅಂಡಾಣು ಫ್ರೀಜ್ ಮಾಡುವ ದಾರಿ ಇಲ್ಲ, ಇರುವುದು ಅಂಗಾಂಶವೊಂದೇ. ಆದ್ದರಿಂದ ಮೊದಲ ಕೀಮೋಗೆ ದಿನ ಗೊತ್ತು ಮಾಡುವ ಮೊದಲೇ ನಮಗೊಂದು ಫೋನ್ ಮಾಡಿ ಎಂದು ಕ್ಯಾನ್ಸರ್ ಡಾಕ್ಟರುಗಳಿಗೆ ಹೇಳುತ್ತಲೇ ಇರುತ್ತೇನೆ.