ಆನೆಗೆ ಕೊಂಬು ಮೂಡಿದರೆ: ಕನ್ನಡ ಕ್ರಿಪ್ಟಿಕ್ ಪದಬಂಧ ಕಟ್ಟಿದ ನನ್ನ ಅನುಭವ

ಕನ್ನಡದಲ್ಲಿ ಕ್ರಿಪ್ಟಿಕ್, ಅಂದರೆ ಸುಳಿವಿನೊಳಗೇ ಅಕ್ಷರದ ಆಟ ಬಚ್ಚಿಟ್ಟ ಪದಬಂಧ, ಆಗುವುದಿಲ್ಲ ಎಂದವರೇ ಹೆಚ್ಚು. ಬರೆದಂತೆ ಓದುವ ಭಾಷೆ, ಅಕ್ಷರ ಕಲಸಿದರೆ ಪದ ಹುಟ್ಟುವುದಿಲ್ಲ, ಹುಟ್ಟಿದರೂ ಮೂರಕ್ಷರ ದಾಟುವುದಿಲ್ಲ ಎಂಬುದು ಅವರ ವಾದ. ಇಂಗ್ಲಿಷಿನದನ್ನು ಹಾಗೇ ಎತ್ತಿ ತಂದರೆ ಈ ಮಾತು ನಿಜ. ನಮ್ಮ ಮೊದಲ ಎಂಟು-ಹತ್ತು ಚೌಕಗಳು ಹಾಗೇ ಸತ್ತವು. ಈಗ ನಲವತ್ತು ದಾಟಿವೆ. ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲಿ ಆರು ಜನ ಒಂದು ಹಾಳೆಯ ಸುತ್ತ ಕೂತರೆ, ನೀರಿನ ಟ್ಯಾಂಕರ್, ಮಕ್ಕಳ ಫೀಸು, ಮೆಟ್ರೊ ರಶ್ಶು ಎಲ್ಲ ಮಾತಾಡಿಕೊಂಡೇ ಐವತ್ತು ನಿಮಿಷದಲ್ಲಿ ಮುಗಿಯುತ್ತದೆ. ಸುಳಿವಿನಲ್ಲಿ ಉತ್ತರದ ಅರ್ಥ ಒಂದು ತುದಿಗೆ, ಅದನ್ನು ಕಟ್ಟುವ ಅಕ್ಷರದ ಆಟ ಇನ್ನೊಂದು ತುದಿಗೆ ಎಂಬುದು ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಮೂಲಪಾಠ ಇಲ್ಲಿಲ್ಲ.

ಮೊದಲು ಮನೆ ಲೆಕ್ಕ. ಒಂದು ಮನೆಗೆ ಒಂದು ಅಕ್ಷರ, ಕಾಗುಣಿತ ಒತ್ತು ಸಮೇತ. ಹೀಗೆ ಮಾಡಿದ ತಕ್ಷಣ 15×15 ಚೌಕ ಕೈಬಿಡಬೇಕು. ಇಂಗ್ಲಿಷಿನಲ್ಲಿ ಅಡ್ಡಪದ, ಉದ್ದಪದ ಕೂಡುವ ಮನೆಗೆ 26 ಸಾಧ್ಯತೆ. ಇಲ್ಲಿ 34 ವ್ಯಂಜನಕ್ಕೆ 13 ಸ್ವರ ಕೂಡಿಸಿದರೇ 442, ಒತ್ತಕ್ಷರ ಬೇರೆ. ಹದಿನೈದರ ಚೌಕದ ಮೇಲೆ ಮೂರು ವಾರ ಕೂತರೂ ಅರ್ಧ ತುಂಬಲಿಲ್ಲ. 9×9ಕ್ಕೆ ಇಳಿದು, 20-22 ಪದ, ಪದಕ್ಕೆ ಸರಾಸರಿ ಎರಡು ಕೂಡುಮನೆ ಇಟ್ಟ ಮೇಲೆ ಎರಡು ಸಂಜೆಗೆ ತುಂಬತೊಡಗಿತು.

ಆದರೂ ಎರಡು ಮೂಲೆ ಸತಾಯಿಸುತ್ತಿದ್ದವು, ಯಾವಾಗಲೂ ಅವೇ ಎರಡು: ಮೇಲಿನ ಬಲ, ಕೆಳಗಿನ ಎಡ. ಕಾರಣ ತಿಳಿಯಲು ಆರು ತಿಂಗಳು ಹಿಡಿಯಿತು. ಆ ಮನೆಗಳಲ್ಲಿ ಒಂದು ಪದ ಮುಗಿಯುತ್ತದೆ, ಇನ್ನೊಂದು ಶುರುವಾಗುತ್ತದೆ. ನಮ್ಮ ಪದಗಳು ಮುಗಿಯುವುದು ಳು, ಣು, ಲು, ರುಗಳಲ್ಲಿ. ಳ, ಣ ಹಿಡಿದು ಶುರುವಾಗುವ ಪದ ಎಲ್ಲಿಂದ ತರುವುದು? ಮೇಲಿನ ಎಡ ಮೂಲೆಯಲ್ಲಿ ಎರಡೂ ಶುರು, ಕೆಳಗಿನ ಬಲದಲ್ಲಿ ಎರಡೂ ಮುಕ್ತಾಯ, ಹಾಗಾಗಿ ಅಲ್ಲಿ ತೊಂದರೆ ಇಲ್ಲ. ಸತಾಯಿಸುವ ಎರಡು ಮೂಲೆಗೆ ಕಪ್ಪು ಬಳಿದೆವು. ಹಾಳೆ ತಲೆಕೆಳಗು ಮಾಡಿದರೆ ಒಂದರ ಜಾಗಕ್ಕೆ ಇನ್ನೊಂದು ಬರುವುದರಿಂದ ಚೌಕದ ಅಂದವೂ ಕೆಡಲಿಲ್ಲ. ಮೂಲೆ ಹೋದರೆ ಅದೆಂಥ ಪದಬಂಧ ಎಂದು ಗೊಣಗಿದವರಿಗೆ ನನ್ನ ಉತ್ತರ: 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಹಾಕಿದ ಮೊದಲ ಪದಬಂಧ ಚೌಕವೇ ಆಗಿರಲಿಲ್ಲ, ವಜ್ರದ ಆಕಾರದಲ್ಲಿತ್ತು.

ಇನ್ನು ಸುಳಿವು. ಅಕ್ಷರ ಕಲಸುವುದು ಇಂಗ್ಲಿಷಿನಲ್ಲಿ ಬೆನ್ನೆಲುಬು, ಇಲ್ಲಿ ಉಪ್ಪಿನಕಾಯಿ. "ವದನ ಕೆಟ್ಟರೂ ಮಾಲೆಗೆ ಬೇಕಾದ ಪತ್ರೆ (3)" ಅಂದರೆ ದವನ; ಚೆನ್ನಾಗಿದೆ, ಆದರೆ ಮೂರಕ್ಷರಕ್ಕೆ ಆರೇ ಜೋಡಣೆ, ನೋಡಿದವರು ಹತ್ತು ಸೆಕೆಂಡಿಗೆ ಹೇಳುತ್ತಾರೆ. ಚೌಕಕ್ಕೆ ಒಂದು ಸಾಕು. ತಿರುಗುಮುರುಗು ಇದಕ್ಕಿಂತ ವಾಸಿ: "ಆನೆ ಹಿಂದೆ ಸರಿದರೆ ಲೋಕ (2)", ಗಜ ತಿರುಗಿ ಜಗ. ಅಡಗಿಸುವುದಕ್ಕೂ ಕನ್ನಡ ಒಗ್ಗುತ್ತದೆ: "ಕಾಗದ ಗರಿಗರಿ, ಒಳಗೊಂದು ಊರು (3)". ಗದಗ ಕಣ್ಣೆದುರೇ ಇದೆ, ಆದರೂ ಇದಕ್ಕೆ ಇಪ್ಪತ್ತು ನಿಮಿಷ ಹೋಗಿದ್ದುಂಟು.

ನಿಜವಾದ ಗಣಿ ಸಿಕ್ಕಿದ್ದು ಕಾಗುಣಿತದಲ್ಲಿ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಹೆಸರುಗಳನ್ನು ನೆನಪಿಸಿಕೊಳ್ಳಿ: ತಲೆಕಟ್ಟು, ಇಳಿ, ಗುಡಿಸು, ಕೊಂಬು, ಸೊನ್ನೆ. ಪ್ರತಿಯೊಂದಕ್ಕೂ ಎರಡು ಅರ್ಥ. "ಆನೆಗೆ ಕೊಂಬು ಮೂಡಿದರೆ ಮಂದೆಯ ಪ್ರಾಣಿ (2)": ಆನೆ ಅಂದರೆ ಕರಿ, ಕ-ಗೆ ಕೊಂಬು ಕೊಟ್ಟರೆ ಕುರಿ. "ಕೆರೆಯಂಚಿಗೆ ಸೊನ್ನೆ ಸುತ್ತಿದರೆ ಹೆಲ್ಮೆಟ್ ಇಲ್ಲದವರು ಕಟ್ಟುವುದು (2)": ದಡ ಹೋಗಿ ದಂಡ. ಇಂಗ್ಲಿಷಿಗೆ ಇಂಥ ಸೌಲಭ್ಯವೇ ಇಲ್ಲ ಎಂದು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಅರ್ಕಾವತ್ತಿಗೂ ಒಂದು ಸೂಚಕ, ಅಂದರೆ ಯಾವ ಆಟ ಎಂದು ಸುಳಿವಿನಲ್ಲೇ ಹೇಳುವ ಮಾತು, ಕಂಡುಕೊಂಡಿದ್ದೇವೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಮುಂದಿನ ನಾಲ್ಕು ಚೌಕ ಅದರ ಮೇಲೇ ನಿಂತಿವೆ.

ಒಂಟಿ ಅಕ್ಷರ ಬೇಕಾದಾಗ ಸಂಗೀತದಿಂದ ತೆಗೆದುಕೊಳ್ಳಿ: ಷಡ್ಜ ಅಂದರೆ ಸ, ಮಧ್ಯಮ ಅಂದರೆ ಮ. ಛಂದಸ್ಸಿನಿಂದ ಲಘುವಿಗೆ ಲ, ಗುರುವಿಗೆ ಗ. "ಗುರುವನ್ನೇ ನುಂಗಿದ ಮನುಷ್ಯನ ಪಟ್ಟಣ (3)": ನರನ ಹೊಟ್ಟೆಯಲ್ಲಿ ಗ, ನಗರ.

ಸಂಧಿಯ ವಿಷಯದಲ್ಲಿ ಜಗಳ ಹೆಚ್ಚು. ನಮ್ಮ ನಿಯಮ: ಲೋಪಸಂಧಿಗೆ ಅನುಮತಿ ಉಂಟು, "ಸೇರಿ" "ಕೂಡಿ" ಎಂಬ ಸೂಚಕ ಕಡ್ಡಾಯ. ಸವರ್ಣದೀರ್ಘಕ್ಕೂ ಅದೇ. ಆಗಮಸಂಧಿಯಲ್ಲಿ ಹೊಸ ಯ, ವ ನುಸುಳುವುದರಿಂದ ಅದಕ್ಕೆ ಪ್ರತ್ಯೇಕ ಸೂಚನೆ ಬೇಕು. ಆದೇಶಸಂಧಿ ಬೇಡ, ಮಳೆಗಾಲವನ್ನು ಮಳೆ, ಕಾಲ ಎಂದು ಒಡೆದು ಕೊಟ್ಟರೆ ಮೋಸ ಅನ್ನಿಸುತ್ತದೆ. ನಮ್ಮ ಅತ್ಯುತ್ತಮ ಸುಳಿವು ಲೋಪಸಂಧಿಯದೇ: "ಸರ್ಪ, ಹತ್ತಿ ಸೇರಿದ ಜಿಲ್ಲೆ (3)".

"ಗುರೂ, ಹತ್ತಿ ಬೆಳೆಯೋ ಜಿಲ್ಲೆ ಯಾವ್ದು? ರಾಯಚೂರಾ?"

"ರಾಯಚೂರು ನಾಲ್ಕಕ್ಷರ ಕಣೋ. ಸುಮ್ನೆ ಕಾಫಿ ಕುಡಿ."

ಇಲ್ಲಿ ಹತ್ತಿ ಅಂದರೆ ಏರಿ. ಹಾವು, ಏರಿ ಸೇರಿ ಹಾವೇರಿ. 1997ರಲ್ಲಿ ಧಾರವಾಡದಿಂದ ಬೇರೆಯಾದ ಜಿಲ್ಲೆ. ಗದಗವೂ ಆಗಲೇ ಆದದ್ದು, ಹಾಗಾಗಿ ಎರಡನ್ನೂ ಒಂದೇ ಚೌಕದಲ್ಲಿ ಅಡ್ಡಡ್ಡ ಇಟ್ಟಿದ್ದೆವು.

ಉಚ್ಚಾರದ ಆಟ ಕನ್ನಡದಲ್ಲಿ ಇಲ್ಲ ಎನ್ನುವವರು ಹಕಾರ ಅಕಾರ ಮರೆತಿರುತ್ತಾರೆ. ಹಕ್ಕಿ-ಅಕ್ಕಿ, ಹರಸು-ಅರಸು ಧಾರಾಳ ಸಿಗುತ್ತವೆ. ಸೂಚಕವಾಗಿ ಮೊದಲು "ಹಳ್ಳಿ ಬಾಯಲ್ಲಿ" ಎಂದು ಬರೆಯುತ್ತಿದ್ದೆವು. ಮಂಡ್ಯ ಕಡೆಯ ಸ್ನೇಹಿತರು ಚೆನ್ನಾಗಿ ಬೈದ ಮೇಲೆ "ನಮ್ಮೂರ ಬಾಯಲ್ಲಿ" ಆಯಿತು. ಈ ಬಗೆಯಲ್ಲಿ ಸೂಚಕ ನಡುವೆ ಬಂದರೆ ಕೆಟ್ಟಂತೆ. "ಜಿಲ್ಲೆ, ನಮ್ಮೂರ ಬಾಯಲ್ಲಿ, ಕೂರುವ ಜಾಗ (3)" ಎಂಬುದಕ್ಕೆ ಉತ್ತರ ಹಾಸನವೋ ಆಸನವೋ? ಎರಡೂ ಸರಿ. ಈ ತಪ್ಪಿನೊಂದಿಗೇ ನೂರು ಪ್ರತಿ ಮುದ್ರಿಸಿ ಹಂಚಿಬಿಟ್ಟಿದ್ದೆವು. ಪುಸ್ತಕದ ರೂಪಕ್ಕೆ ಸುಮಾರು 2,400 ರೂಪಾಯಿ, ಅಷ್ಟೂ ರದ್ದಿಗೆ.

ಅದಕ್ಕಿಂತ ದೊಡ್ಡ ದಂಡ ಚನ್ನಪಟ್ಟಣದ ಬಿಲ್ಲೆಗಳದು. ಹಾಳೆಯ ಬದಲು ಮರದ ಬಿಲ್ಲೆ ಜೋಡಿಸಿ ಆಡೋಣ ಎಂಬ ಹುಚ್ಚು. 442 ಬಗೆ ಕೊರೆಸಲಾಗದು. ಅದಕ್ಕೇ ವ್ಯಂಜನಕ್ಕೊಂದು, ಕಾಗುಣಿತಕ್ಕೊಂದು ಬಿಲ್ಲೆ ಮಾಡಿಸಿದೆವು, ಅರಗಿನ ಬಣ್ಣ ಎರಡು. ಮುನ್ನೂರರ ಹತ್ತಿರ ಬಿಲ್ಲೆ, ಆರೇಳು ಸಾವಿರ ಖರ್ಚು. ಒತ್ತು ಎಲ್ಲಿಡುವುದು ಎಂದು ಯಾರೂ ಯೋಚಿಸಿರಲಿಲ್ಲ. ಈಗ ಅವು ಲೋಟದ ಅಡಿಗೆ ಉಪಯೋಗ. ಕೂಡುಮನೆಯಲ್ಲಿ ವ್ಯಂಜನ ಮಾತ್ರ ಹೊಂದಿದರೆ ಸಾಕು, ಕಾಗುಣಿತ ಬೇರೆಯಿರಲಿ ಎಂದೂ ಒಮ್ಮೆ ಪ್ರಯತ್ನಿಸಿದೆವು. ಚೌಕ ಒಂದು ಗಂಟೆಗೇ ತುಂಬಿತು, ಆದರೆ ಬಿಡಿಸುವವರಿಗೆ ಅರ್ಧ ಸಹಾಯವೂ ಸಿಗಲಿಲ್ಲ: ಕ ಇದೆ ಎಂದು ಗೊತ್ತಾದರೆ ಕಾ, ಕಿ, ಕು ಯಾವುದೆಂದು ಮತ್ತೆ ತಡಕಬೇಕು.

ಕಂಪ್ಯೂಟರ್ ಬಳಸುವವರಿಗೆ ಒಂದು ಎಚ್ಚರಿಕೆ. ಯೂನಿಕೋಡ್‌ನಲ್ಲಿ ದಿ ಅಂದರೆ ಎರಡು ಸಂಕೇತ, ಕ್ಷ ಅಂದರೆ ಮೂರು. ನೇರವಾಗಿ ಉದ್ದ ಎಣಿಸಿದರೆ ನದಿ ಮೂರಕ್ಷರ ಎನ್ನುತ್ತದೆ, ತಿರುಗಿಸಿದರೆ ದಿನ ಬರುವ ಬದಲು ಗುಡಿಸು ಮುಂದೆ ಬಂದು ನಿಲ್ಲುತ್ತದೆ. ಸಿದ್ಧ ಸಿಗುವ ಅಕ್ಷರ ವಿಂಗಡಣೆ ಕಾಗುಣಿತ ಸರಿ ಹಿಡಿದರೂ ಒತ್ತಕ್ಷರ ಒಡೆಯಬಹುದು. ಅರ್ಧಾಕ್ಷರದ ಚಿಹ್ನೆ ಬಂದಾಗಲೆಲ್ಲ ಮುಂದಿನ ವ್ಯಂಜನವನ್ನು ಅದಕ್ಕೇ ಅಂಟಿಸುವ ಒಂದು ಸಾಲು ಸೇರಿಸಿಕೊಳ್ಳಿ. ಹಳೆಯ 'ನುಡಿ' ತಂತ್ರಾಂಶದ ಕಡತಗಳ ಪದಪಟ್ಟಿಯನ್ನು ಮೊದಲೇ ಯೂನಿಕೋಡ್‌ಗೆ ಬದಲಿಸಿ. ನಮ್ಮ ಪಟ್ಟಿ ಈಗ ಹನ್ನೊಂದು ಸಾವಿರ ಪದದ ಆಸುಪಾಸು. ಎರಡು ಬಗೆಯಲ್ಲಿ ಬರೆಯುವ ಪದಗಳನ್ನು ಕೂಡುಮನೆಯಿಂದ ದೂರವಿಡಿ: ಮೆಟ್ರೊ-ಮೆಟ್ರೋ ಒಂದರಿಂದಲೇ ಒಂದು ಭಾನುವಾರ ಹಾಳಾಗಿದೆ. ಒತ್ತಕ್ಷರ ಇದ್ದರೆ ಲೆಕ್ಕದ ಪಕ್ಕದಲ್ಲೇ ಬರೆಯಿರಿ. ಅವಲಕ್ಕಿಗೆ (4, ಒ1).

ಬಿಡಿಸುವ ಕ್ರಮಕ್ಕೆ ಬಂದರೆ, ಎ3 ಹಾಳೆ, ಪೆನ್ಸಿಲ್, ಓದುವುದಕ್ಕೆ ಒಬ್ಬರು. ಮೊದಲು ದರ್ಶಿನಿಯಲ್ಲಿ ಪ್ರಯತ್ನಿಸಿದೆವು. ನಿಂತು ತಿನ್ನುವ ಟೇಬಲ್, ಹಾಳೆ ತುಂಬ ಸಾಂಬಾರ್. ಈಗ ಒಬ್ಬರ ಮನೆ ಜಗಲಿ, ಬೈಟು ಕಾಫಿ ಪಾರ್ಸೆಲ್. ಎಲ್ಲ ಸುಳಿವನ್ನೂ ಒಮ್ಮೆ ಜೋರಾಗಿ ಓದಿ, ಹಾಳೆ ಬಿಟ್ಟು ಹರಟೆಗೆ ಇಳಿಯಬೇಕು. ಹಾಳೆಯನ್ನೇ ದಿಟ್ಟಿಸಿದಾಗ ಮೇಲ್ಮಾತಿನ ಅರ್ಥ ಗಟ್ಟಿಯಾಗಿ ಕೂತುಬಿಡುತ್ತದೆ. ದೋಸೆ ಹಿಟ್ಟು ಹುಳಿಯಾಗದ ವಿಷಯ ಮಾತಾಡುವಾಗ ಸಡಿಲಾಗುತ್ತದೆ. ಮಾತು ಬಿಡದೆ ಆಡುವ ಗುಂಪು ಮೊದಲಿನ ಎರಡು ಗಂಟೆಯಿಂದ ಐವತ್ತು ನಿಮಿಷಕ್ಕೆ ಇಳಿದದ್ದು ಹೀಗೇ. ಉತ್ತರ ಹೊಳೆದವರು ಅರ್ಥ ಎಲ್ಲಿ, ಆಟ ಎಲ್ಲಿ ಎಂದು ಬಾಯಿಬಿಟ್ಟು ಹೇಳಿದ ಮೇಲೇ ಪೆನ್ಸಿಲ್ ಮುಟ್ಟಬೇಕು. ಚೌಕ ಕಟ್ಟಿದವರ ಮುಖ ಎಲ್ಲವನ್ನೂ ಹೇಳಿಬಿಡುತ್ತದೆ, ಆದ್ದರಿಂದ ಕಾಫಿ ತರಲು ಅವರನ್ನೇ ಕಳಿಸಿ. ಆದರೆ ಅವರು ಹೋದಾಗ ಆಡಿದ ಮಾತೂ ಆಮೇಲೆ ಅವರ ಕಿವಿಗೆ ಬೀಳಬೇಕು, ಹೊಸ ಸುಳಿವು ಹುಟ್ಟುವುದು ಹರಟೆಯಲ್ಲೇ: ದಂಡದ ಸುಳಿವು ಹುಟ್ಟಿದ್ದು ಯಾರೋ ಟ್ರಾಫಿಕ್ ನೋಟಿಸ್ ಬಂತೆಂದು ಅಳುತ್ತಿದ್ದಾಗ.

ಈಗ 11×11 ಕಟ್ಟುತ್ತಿದ್ದೇವೆ. ಮುಕ್ತಾಯ-ಶುರು ಕೂಡುವ ಮನೆ ನಾಲ್ಕಿದ್ದವು, ಎರಡಕ್ಕೆ ಕಪ್ಪು ಬಳಿದಾಯಿತು. ಉಳಿದೆರಡರಲ್ಲಿ ಒಂದು ಕಡೆ "ಲು" ಕೂತಿದೆ. ಲು-ಇಂದ ಶುರುವಾಗುವ ನಾಲ್ಕಕ್ಷರದ ಪದ ಬೇಕು, ಲುಂಗಿ ಎರಡೇ ಅಕ್ಷರ.