ನಾಯಿಗೆ ಲಸಿಕೆ ಹಾಕಿಸಿದ ಮೇಲಿನ ಕೆಲವು ಗಂಟೆ: ನನ್ನ ಅನುಭವ

ಲಸಿಕೆ ಹಾಕಿಸಿದ ತಕ್ಷಣ ನಾಯಿಯನ್ನು ಮನೆಗೆ ಕರೆದುಕೊಂಡು ಹೊರಡಬೇಡಿ. ಅರ್ಧ ಗಂಟೆಯಾದರೂ ಕ್ಲಿನಿಕ್‌ನಲ್ಲೇ ಕೂತಿರಿ. ಜೋರಾಗಿ ಅಲರ್ಜಿ ಆಗುವುದಾದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ, ಆಗ ಜೀವ ಉಳಿಸಲು ಬೇಕಾಗುವ ಅಡ್ರಿನಾಲಿನ್ ಇಂಜೆಕ್ಷನ್ ಇರುವುದು ಡಾಕ್ಟರ ಹತ್ತಿರ, ನಮ್ಮ ಮನೆಯಲ್ಲಲ್ಲ.

ನನ್ನ ಪುಟ್ಟ ನಾಯಿಗೆ ಒಮ್ಮೆ ಹೀಗಾಯಿತು. ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳತೊಡಗಿತು. ಮೊದಲು ಕಣ್ಣಿನ ರೆಪ್ಪೆ ದಪ್ಪಗಾಯಿತು, ಆಮೇಲೆ ಮೇಲ್ತುಟಿ, ನೋಡನೋಡುತ್ತಿದ್ದಂತೆ ಇಡೀ ಮೂತಿ ಊದಿಕೊಂಡಿತು. ಕೂದಲು ಕಡಿಮೆ ಇರುವ ಹೊಟ್ಟೆಯ ಮೇಲೆ ಕೆಂಪು ದದ್ದು. ಡಾಕ್ಟರು ಬಂದವರೇ ತುಟಿ ಎತ್ತಿ ವಸಡು ನೋಡಿದರು. ಗುಲಾಬಿ ಬಣ್ಣ ಹಾಗೇ ಇತ್ತು, ಉಸಿರಾಟವೂ ಸರಿಯಿತ್ತು. ಅಲರ್ಜಿಗೆ ಇಂಜೆಕ್ಷನ್ ಕೊಟ್ಟು ಸಂಜೆವರೆಗೂ ಅಲ್ಲೇ ಇರಿಸಿಕೊಂಡರು, ರಾತ್ರಿ ಹೊತ್ತಿಗೆ ಊತ ಇಳಿಯಿತು. ವಸಡು ಬಿಳಿಚಿಕೊಂಡರೆ, ಉಸಿರಾಡಲು ಒದ್ದಾಡಿದರೆ, ಪದೇ ಪದೇ ವಾಂತಿ ಮಾಡಿದರೆ, ಕುಸಿದು ಬಿದ್ದರೆ ಒಂದು ನಿಮಿಷವೂ ಕಾಯುವಂತಿಲ್ಲ.

ಹಾಗಂತ ಎಲ್ಲಕ್ಕೂ ಗಾಬರಿ ಬೇಡ. ಒಂದೆರಡು ದಿನ ಮಂಕಾಗಿರುವುದು, ಊಟ ಕಡಿಮೆ ಮಾಡುವುದು, ಸಣ್ಣ ಜ್ವರ, ಚುಚ್ಚಿದ ಜಾಗ ಮುಟ್ಟಿದರೆ ಗುರ್ ಅನ್ನುವುದು, ಇವೆಲ್ಲ ತಾವಾಗೇ ಹೋಗುತ್ತವೆ. ಜ್ವರ ಅಂತ ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ಮುರಿದು ಕೊಡುವುದು ಮಾತ್ರ ಬೇಡವೇ ಬೇಡ. ಬೆಕ್ಕಿಗಂತೂ ಅದು ಪ್ರಾಣಕ್ಕೇ ಕುತ್ತು.

ಬೆಕ್ಕು ಸಾಕಿದವರು ಇನ್ನೊಂದು ನೆನಪಿಡಿ. ಚುಚ್ಚಿದ ಜಾಗದ ಗಂಟು 3 ತಿಂಗಳಾದರೂ ಹೋಗದಿದ್ದರೆ, 2 ಸೆಂಟಿಮೀಟರ್‌ಗಿಂತ ದೊಡ್ಡದಾದರೆ, ಅಥವಾ 1 ತಿಂಗಳ ಮೇಲೂ ಬೆಳೆಯುತ್ತಲೇ ಇದ್ದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಮಾಡಿಸಬೇಕು. ತೀರಾ ಅಪರೂಪ, ಆದರೆ ಅಲ್ಲಿ ಕ್ಯಾನ್ಸರ್ ಆಗುವುದುಂಟು.

ಇಷ್ಟಾದ ಮೇಲೂ ನಾನು ಲಸಿಕೆ ನಿಲ್ಲಿಸಲಿಲ್ಲ. ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳು ಬಂದ ನಾಯಿ ಉಳಿಯುವುದೇ ಕಷ್ಟ, ರೇಬಿಸ್ ಬಂದರೆ ಉಳಿಯುವುದೇ ಇಲ್ಲ, ಅಲ್ವಾ? ಯಾವ ಲಸಿಕೆ, ಯಾವ ಬ್ಯಾಚ್, ಎಷ್ಟು ಹೊತ್ತಿಗೆ ಏನಾಯಿತು ಅಂತ ಕಾರ್ಡಿನಲ್ಲಿ ಬರೆಸಿಟ್ಟಿದ್ದೇನೆ. ಈಗ ಡಾಕ್ಟರನ್ನು ಕೇಳಿ ಒಂದೊಂದು ಲಸಿಕೆಯನ್ನೂ ಕೆಲವು ವಾರ ಬಿಟ್ಟು ಹಾಕಿಸುತ್ತೇನೆ. ಇದು ಸುಮ್ನೆ ಹೆದರಿಕೆಯಲ್ಲ. 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿದ, 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಒಂದೇ ಸಲ ಹೆಚ್ಚು ಲಸಿಕೆ ಹಾಕಿದಷ್ಟೂ ರಿಯಾಕ್ಷನ್ ಜಾಸ್ತಿ ಎಂದು ಕಂಡುಬಂತು, ಅದೂ 10 ಕೆಜಿಯೊಳಗಿನ ನಾಯಿಗಳಲ್ಲಿ ಇನ್ನೂ ಜಾಸ್ತಿ. ಮತ್ತೆ, ಲಸಿಕೆಗೆ ಬೆಳಿಗ್ಗೆಯೇ ಹೋಗುತ್ತೇನೆ. ಕ್ಲಿನಿಕ್ ಮುಚ್ಚಿದ ಮೇಲೆ ಮುಖ ಊದಿದರೆ ಯಾರನ್ನು ಹುಡುಕಿಕೊಂಡು ಹೋಗುವುದು?